ಸಹಕುಟುಂಬ

ಹೋದ ವರ್ಷ ದೀಪಾವಳಿ ಮುಗದ ಮ್ಯಾಲೆ ಒಂದು ದಿವಸ ನಮ್ಮ ಅತ್ತಿಯವರು ದೇವರ ಮನಿಯಿಂದ ಹೊರಗ ಬಂದು, "ನನ್ನ ಒಮ್ಮೆ ಪಂಢರಪುರಕ್ಕ ಕರಕೊಂಡು ಹೋಗ್ರಿ, ಮತ್ತೇನೂ ಕೇಳಂಗಿಲ್ಲ" ಅಂದ್ರು. ಅವರಿಗೆ ಈಗ 82. ಮೊಣಕಾಲು ಮಡಚಂಗಿಲ್ಲ, ರಾತ್ರಿ ಎರಡು ಸಲ ಏಳಬೇಕು, ಮೆಟ್ಟಿಲ ನೋಡಿದ್ರ ಎದಿ ಹೊಡಕೋತದ. ಆದ್ರ ಕೇಳಿದ್ದು ವಿಠ್ಠಲನ ಊರು. ಇಲ್ಲ ಅನ್ನೂದು ಹ್ಯಾಂಗ?

ಅವರೊಬ್ಬರನ್ನ ಕರಕೊಂಡು ಹೋಗೂದು ಅಂತ ಸುರು ಆದದ್ದು, ನಾಕು ದಿವಸದಾಗ ಹನ್ನೊಂದು ಮಂದಿ ಆತು. ಅತ್ತಿಯವರು, ನಾವಿಬ್ಬರು, ಮಗಾ-ಸೊಸಿ ಮತ್ತ ಐದು ವರ್ಷದ ಮಮ್ಮಗ, ಮಗಳು-ಅಳಿಯಾ, ಮೈದುನ-ನೆಗೆಣ್ಣಿ, ಅವರ ಮಗಳು. ಟೆಂಪೋ ಟ್ರಾವೆಲರ್ ಗೊತ್ತು ಮಾಡಿದ್ವಿ. ದಶಮಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ, ಅತ್ತಿಯವರ ಗುಳಿಗಿ ಚೀಲಾ, ಎಲ್ಲಾ ಕಟ್ಟಿದ್ವಿ. ಉಳಕೊಳ್ಳೂದು ಎಲ್ಲೆ ಅನ್ನೂದನ್ನ ಮಾತ್ರ ಹುಡುಗರ ಕೈಯಾಗ ಬಿಟ್ವಿ. ಅಲ್ಲೇ ತಪ್ಪಿದ್ದು ನೋಡ್ರಿ.

ಮೊದಲನೇ ರಾತ್ರಿ ವಿಜಾಪುರದಾಗ. ಹೊಸಾ ಲಾಡ್ಜು, ಚಿತ್ರದಾಗ ಭಾಳ ಚಂದ ಕಾಣತಿತ್ತು. ಹೋಗಿ ನೋಡಿದ್ರ ಐದು ಖೋಲಿ ಮೂರು ಮಜಲಿನ್ಯಾಗ ಹರಿದು ಹಂಚಿ ಹೋಗಿದ್ವು. ಅತ್ತಿಯವರ ಕೂಡ ನೆಗೆಣ್ಣಿ ಮಗಳು ಮಲಗಿದ್ಲು. ರಾತ್ರಿ ಎರಡು ಗಂಟೆಕ್ಕ ಅತ್ತಿಯವರು ಎದ್ದು, ಬಚ್ಚಲು ಅಂತ ತಿಳಕೊಂಡು ಹೊರಗಿನ ಬಾಗಲಾ ತಗದಾರ, ಅದು ತಾನ ಮುಚ್ಚಿಕೊಂಡದ. ಹೊರಗ ಉದ್ದಕ ಓಣಿ, ಎರಡೂ ಕಡೆ ಒಂದೇ ನಮೂನಿ ಬಾಗಲಾ. ಮುದುಕಿ ಬರಿಗಾಲಿಲೆ ಅಡ್ಡಾಡಿ ಯಾರದೋ ಬಾಗಲಾ ಬಡದಾರ. ಪುಣ್ಯಾಕ್ಕ ಆ ಮನಶಾ ಒಳ್ಳೆಯಾಂವ, ಕೆಳಗ ಕರಕೊಂಡು ಹೋಗಿ ಕುರ್ಚಿ ಮ್ಯಾಲೆ ಕೂಡಿಸಿದ್ದಾ. ನಾ ಹೋಗಿ ನೋಡಿದಾಗ ಅವರ ಕೈ ತಣ್ಣಗಾಗಿತ್ತು. "ಮನಿಮಂದಿ ಎಲ್ಲಾ ಬಂದೇವಿ, ಆದ್ರ ಒಬ್ಬರೂ ಸಿಗಲಿಲ್ಲಲ್ಲ" ಅಂದ್ರು. ಆ ಮಾತು ನನಗ ಚುಚ್ಚಿತು.

ಹಿಂದಿನ ಕಾಲದಾಗ ಮಂದಿ ಹತ್ತು-ಹದಿನೈದು ಜನಾ ಕೂಡಿ, ಕೂಸು-ಮುದುಕರನ್ನ ಕಟಗೊಂಡು ಯಾತ್ರಾಕ್ಕ ಹೋಗತಿದ್ರಲ್ಲ, ಅವರು ಎಲ್ಲೆ ವಸ್ತಿ ಮಾಡತಿದ್ರು? ಪಿಯುಸಿ ಒಳಗ ನನಗ ಇತಿಹಾಸ ಭಾಳ ಸೇರತಿತ್ತು. ಮುಂದ ಓದಲಿಕ್ಕೆ ಆಗಲಿಲ್ಲ, ಆದ್ರ ಗ್ರಂಥಾಲಯದ ಚಟಾ ಹೋಗಿಲ್ಲ. ಊರಿಗೆ ಹೊಳ್ಳಿ ಬಂದ ಮ್ಯಾಲೆ ಹುಡುಕಿ ಓದಿದ್ದು, ದಾರ್ಯಾಗ ಕಣ್ಣಾರೆ ಕಂಡದ್ದು, ಎರಡೂ ಕೂಡಿಸಿ ಬರದೇನಿ.

ಮೊದಲ ವಿಜಾಪುರದ್ದೇ ತಗೋರಿ. ಆದಿಲಶಾಹಿ ಕಾಲದಾಗ ಊರಿಗೆ ಬಂದ ವ್ಯಾಪಾರಸ್ಥರು, ಪ್ರವಾಸಿಗರು ಇಳಕೊಳ್ಳಲಿಕ್ಕೆ ಸರಾಯಿ ಅಂತ ಇರತಿದ್ವು. ನಡುವ ದೊಡ್ಡ ಅಂಗಳಾ, ಸುತ್ತಲೂ ಸಾಲು ಖೋಲಿ, ಒಂದೇ ದೊಡ್ಡ ಬಾಗಲಾ. ರಾತ್ರಿ ಆ ಬಾಗಲಾ ಹಾಕಿದ್ರ ಒಳಗಿದ್ದವರಿಗೆ ಕಳ್ಳರ ಅಂಜಿಕಿ ಇಲ್ಲ. ವಿಜಾಪುರದ ಅಂಥಾ ಒಂದು ಹಳೇ ಸರಾಯಿಯನ್ನ ಬ್ರಿಟಿಷರು ಬಂದ ಮ್ಯಾಲೆ ಜೈಲು ಮಾಡಿದ್ರು. ಒಂದೇ ಬಾಗಲಾ ಅದ, ಎತ್ತರ ಗ್ವಾಡಿ ಅದ, ಅವರಿಗೆ ಭಾಳ ಅನುಕೂಲ ಆತು! ಗೋಳಗುಮ್ಮಟದ ಮಗ್ಗಲಿನ ಮಸೀದಿಯನ್ನ ಸಾಹೇಬರು ಇಳಕೊಳ್ಳೋ ಬಂಗ್ಲೆ ಮಾಡಿಕೊಂಡ್ರು. ಅಂದ್ರ ವಸ್ತಿ ಮಾಡೂದು ಜೈಲು ಆತು, ನಮಾಜು ಮಾಡೂದು ವಸ್ತಿ ಆತು. ಮುಂದ ವೈಸರಾಯ್ ಆಗಿ ಬಂದ ಲಾರ್ಡ್ ಕರ್ಜನ್‌ಗೆ ಇದು ಸರಿ ಕಾಣಲಿಲ್ಲ. ಒಂದು ಭಾಷಣದಾಗ, ವಿಜಾಪುರದ ಮಸೀದಿಯೊಂದರಿಂದ ಡಾಕ್ ಬಂಗ್ಲೆ ಹೊರಗ ಹಾಕಿಸಿದ್ದನ್ನ ಆತ ಹೇಳಿಕೊಂಡಾನ. ನಮ್ಮ ಹಂಪಿ ಕಡೇನೂ ಹಂಗ. ಕಮಲಾಪುರದಾಗ ಒಂದು ಹಳೇ ಶಿವನ ಗುಡಿಯನ್ನೇ ಸರಕಾರದವರು ಬಂಗ್ಲೆ ಮಾಡಿಕೊಂಡಿದ್ರು.

ಡಾಕ್ ಬಂಗ್ಲೆ, ಟ್ರಾವೆಲರ್ಸ್ ಬಂಗ್ಲೆ ಅನ್ನೂವು ಕಟ್ಟಿದ್ದು ತಿರುಗ್ಯಾಡೋ ಅಧಿಕಾರಿಗಳ ಸಲುವಾಗಿ. ಎರಡು ಖೋಲಿ, ಮುಂದ ವರಾಂಡಾ, ಹಿಂದ ಖಾನಸಾಮಾನ ಅಡಿಗಿಮನಿ. ಚಂದ ಇರತಾವ, ಗಿಡದ ನೆರಳಿರತದ, ಆದ್ರ ಮುದುಕಿ-ಕೂಸು ಕಟಗೊಂಡ ಹನ್ನೊಂದು ಮಂದಿ ನೆನಪಿಟಗೊಂಡು ಕಟ್ಟಿದ್ದಲ್ಲ.

ನಮ್ಮಂಥವರ ನೆನಪಿಟಗೊಂಡು ಕಟ್ಟಿದವರು ಯಾರು ಅಂತ ಹುಡುಕಿದ್ರ, ಹೆಂಗಸರ ಹೆಸರು ಒಂದರ ಹಿಂದ ಒಂದು ಸಿಗತಾವ. ನನಗ ಭಾಳ ಆಶ್ಚರ್ಯ ಆತು. ಪಂಜಾಬದಾಗ ಜಹಾಂಗೀರನ ಹೆಂಡ್ತಿ ನೂರಜಹಾನ್ ಕಟ್ಟಿಸಿದ ಸರಾಯಿ ಇನ್ನೂ ನಿಂತದ, ಆ ಊರಿಗೇ ನೂರಮಹಲ್ ಅಂತ ಹೆಸರು. ದಿಲ್ಲಿ ಚಾಂದನಿ ಚೌಕದಾಗ ಷಾಹಜಹಾನನ ಮಗಳು ಜಹಾನಾರಾ ಒಂದು ಸರಾಯಿ ಕಟ್ಟಿಸಿದ್ಲು. ಫ್ರಾನ್ಸ್ ದೇಶದಿಂದ ಬಂದ ಬರ್ನಿಯೆ ಅನ್ನೋ ವೈದ್ಯ ಅದನ್ನ ನೋಡಿ ಹೊಗಳಿ ಬರದಾನ. ಮಧುರೈಯನ್ನ ಆಳಿದ ರಾಣಿ ಮಂಗಮ್ಮಾಳ್ 1689ರಿಂದ ಹದಿನೈದು ವರ್ಷದ ಮ್ಯಾಲೆ ರಾಜ್ಯಾ ನೋಡಿಕೊಂಡು, ರಸ್ತೆ ಮಾಡಿಸಿ, ಗಿಡಾ ನೆಡಿಸಿ, ಛತ್ರ ಕಟ್ಟಿಸಿದ್ಲು. ಮಧುರೈ ಸ್ಟೇಷನ್ ಎದುರಿಗೆ ಆಕಿ ಹೆಸರಿನ ಛತ್ರ ಇವತ್ತಿಗೂ ಅದ. ತಂಜಾವೂರಿನ ಮರಾಠಾ ಅರಸರ ಛತ್ರಗಳಿಗೂ ಹೆಣ್ಣುಮಕ್ಕಳ ಹೆಸರು: ಮುಕ್ತಾಂಬಾ, ಯಮುನಾಂಬಾ, ದ್ರೌಪದಾಂಬಾ. ರಾಮೇಶ್ವರಕ್ಕ ಹೋಗೋ ಯಾತ್ರಿಕರಿಗೆ ಅಲ್ಲಿ ಊಟಾ ಅಷ್ಟ ಅಲ್ಲ, ಜಡ್ಡು ಬಂದ್ರ ಔಷಧಾನೂ, ದಾರ್ಯಾಗ ಹೆರಿಗಿ ಆದ್ರ ಬಾಣಂತಿ ಆರೈಕಿನೂ ಇತ್ತು. ಯಾತ್ರಾದಾಗ ಬಸರು-ಬಾಣಂತಿ ಇರತಾರ ಅಂತ ಮೊದಲಿಗೇ ವಿಚಾರ ಮಾಡಿದ್ರಲ್ಲ, ಅದು ಮನಿ ನಡಸಿದವರ ಬುದ್ಧಿ.

ಈ ಎಲ್ಲಾರಕಿಂತ ದೊಡ್ಡ ಹೆಸರು ಅಹಲ್ಯಾಬಾಯಿ ಹೋಳಕರ. 1725ರಲ್ಲಿ ಹುಟ್ಟಿದಾಕಿ. ಗಂಡ ಖಂಡೇರಾವ್ 1754ರಲ್ಲಿ ಕುಂಭೇರಿ ಮುತ್ತಿಗಿಯೊಳಗ ಹೋದ. ಆಮ್ಯಾಲೆ ಮಾವ, ಅವರ ಹಿಂದ ಮಗಾನೂ ಹೋದ. 1767ರಿಂದ 1795ರ ತನಕ ನರ್ಮದಾ ದಂಡಿ ಮ್ಯಾಲಿನ ಮಹೇಶ್ವರದಾಗ ಕೂತು ರಾಜ್ಯಾ ಆಳಿದ್ಲು. ಕಾಶಿ ವಿಶ್ವನಾಥನ ಗುಡಿ 1780ರಲ್ಲಿ ಹೊಳ್ಳಿ ಕಟ್ಟಿಸಿದಾಕಿ ಆಕಿನೇ. ಕಾಶಿ, ಗಯಾ, ಸೋಮನಾಥ, ಪಂಢರಪುರ ಅಂತ ಎಲ್ಲೆಲ್ಲೆ ಯಾತ್ರಿಕರು ಹೋಗತಾರೋ ಅಲ್ಲೆಲ್ಲಾ ಘಾಟು, ಬಾವಿ, ಧರ್ಮಶಾಲೆ. ತನ್ನ ರಾಜ್ಯದ ಗಡಿ ಎಲ್ಲೆ ಮುಗೀತದ ಅಂತ ನೋಡಲಿಲ್ಲ.

ಇದಕ್ಕೆಲ್ಲಾ ರೊಕ್ಕ ಎಲ್ಲಿದು? ಇದು ಹೆಣ್ಣುಮಕ್ಕಳು ಓದಬೇಕಾದ್ದು. ಹೋಳಕರ ಮನೆತನದಾಗ ರಾಣ್ಯಾರ ಹೆಸರಲೆ ಬ್ಯಾರೆ ಜಹಾಗೀರು ಇತ್ತು, ಅದಕ್ಕ 'ಖಾಸಗಿ' ಅಂತಿದ್ರು. ಪೇಶವೇ ಬಾಜೀರಾಯರು 1734ರಲ್ಲಿ ಅದನ್ನ ಮಲ್ಹಾರರಾಯರ ಹೆಂಡ್ತಿ ಗೌತಮಾಬಾಯಿಗೆ ಕೊಟ್ಟಿದ್ರು. ಆಕಿ ಹಿಂದ ಸೊಸಿ ಅಹಲ್ಯಾಬಾಯಿಗೆ ಬಂತು. ಅತ್ತಿಯಿಂದ ಸೊಸಿಗೆ ಬಂದ ಸ್ವಂತ ರೊಕ್ಕದಾಗ ಊರೂರಿನ ಧರ್ಮಶಾಲೆ ಎದ್ದಾವ. ರಾಜ್ಯದ ಬೊಕ್ಕಸ ದಂಡಿಗೆ, ಲಡಾಯಿಗೆ. ದಾರಿಹೋಕರ ಛಾವಣಿಗೆ ಮಾತ್ರ ಅತ್ತಿ-ಸೊಸಿ ಗಂಟು.

ಗಂಡಸರು ಕಟ್ಟಿಸಿಲ್ಲ ಅಂತಲ್ಲ. ಬೆಂಗಳೂರು ಸ್ಟೇಷನ್ ಹತ್ತರದ ತೋಟದಪ್ಪನ ಛತ್ರ ಯಾರಿಗೆ ಗೊತ್ತಿಲ್ಲ? ಗುಬ್ಬಿ ತೋಟದಪ್ಪನವರು ವ್ಯಾಪಾರಸ್ಥರು, 1897ರಲ್ಲಿ ರೇಲ್ವೆಯವರ ಜಾಗಾ ಕೊಂಡು ಕಟ್ಟಿಸಿದ್ದು. ರೇಲ್ವೆ ಬಂದ ಮ್ಯಾಲೆ ಯಾತ್ರಾದ ದಾರಿ ಬದಲಾತು, ಛತ್ರನೂ ಸ್ಟೇಷನ್ ಬಾಜೂಕ ಬಂತು.

ಇನ್ನ ನಮ್ಮ ಕಥಿಗೆ ಬರತೇನಿ. ಅತ್ತಿಯವರು ಮದವ್ಯಾದ ಮರುವರ್ಷ, 1962ರಲ್ಲಿ, ಮಾವನವರ ಕೂಡ ಪಂಢರಪುರಕ್ಕ ಹೋಗಿದ್ರಂತ. ಧಾರವಾಡದಿಂದ ಮಿರಜಕ್ಕ ಮೀಟರ್‌ಗೇಜ್, ಅಲ್ಲಿಂದ ಬಾರ್ಶಿ ಲೈಟ್ ರೇಲ್ವೆಯ ಸಣ್ಣ ಗಾಡಿ. ಎರಡೂವರಿ ಫೂಟಿನ ಹಳಿ! ಕುರ್ಡುವಾಡಿ ಕಡೆಯಿಂದ ಪಂಢರಪುರಕ್ಕ ಅದು 1906ರಲ್ಲಿ ಬಂತು, 1927ರಲ್ಲಿ ಮಿರಜಕ್ಕ ಮುಟ್ಟಿತು. ಈಗ ಬ್ರಾಡ್‌ಗೇಜ್ ಆಗೇದ. "ಗಾಡಿ ಏರಿನ ಮ್ಯಾಲೆ ನಿಂತ್ರ ಗಂಡಸರು ಇಳದು ಬೀಡಿ ಸೇದಿ ಮತ್ತ ಹತ್ತತಿದ್ರು" ಅಂತ ಅತ್ತಿಯವರು ನಕ್ಕೋತ ಹೇಳಿದ್ರು. ಆವಾಗ ಇಳಕೊಂಡಿದ್ದು ಉಪಾಧ್ಯರೊಬ್ಬರ ವಾಡೇದಾಗ. ಓಣಿ ನೆನಪಿತ್ತು, ಹೆಸರು ನೆನಪಿರಲಿಲ್ಲ.

ವಿಜಾಪುರದ ಆ ರಾತ್ರಿ ಆದ ಮ್ಯಾಲೆ ನಾ ಹಟಾ ಹಿಡದೆ. ಪಂಢರಪುರದಾಗ ಗೊತ್ತು ಮಾಡಿದ್ದ ಲಾಡ್ಜು ರದ್ದು ಮಾಡಿಸಿದೆ. ಮಗಾ ಸಿಟ್ಟಾದ, ಕಟ್ಟಿದ ರೊಕ್ಕದಾಗ ಅರ್ಧಾ ಹೋತು. ಹೋಗಲಿ. ಮಹಾದ್ವಾರದ ಕಡೆ ಓಣಿ ಓಣಿ ತಿರುಗಿ, ನಾನೂ ಮಗಳೂ ಒಂದು ವಾಡೇ ಹುಡುಕಿದ್ವಿ. ಅದೇ ಹಳೇದು ಅಂತ ನಮಗೂ ಆವಾಗ ಗೊತ್ತಿರಲಿಲ್ಲ.

ಅದರ ರಚನಾ ಹೇಳತೇನಿ ಕೇಳ್ರಿ. ದೊಡ್ಡ ಕಟ್ಟಗಿ ಬಾಗಲಾ, ಅದರಾಗ ತಲಿ ಬಗ್ಗಿಸಿ ಹೋಗೋ ಸಣ್ಣ ದಿಂಡಿ ಬಾಗಲಾ. ಒಳಗ ಕಲ್ಲ ಹಾಸಿದ ಚೌಕ, ಮ್ಯಾಲೆ ಆಕಾಶ. ಒಂದು ಮೂಲ್ಯಾಗ ಬಾವಿ, ಒಂದು ಮೂಲ್ಯಾಗ ತುಳಸಿಕಟ್ಟಿ. ಚೌಕದ ಸುತ್ತಲೂ ಪಡಸಾಲಿ, ಕಟ್ಟಗಿ ಕಂಬ, ಹಿಂದ ಸಣ್ಣ ಸಣ್ಣ ಖೋಲಿ. ಯಾವ ಖೋಲಿಯಿಂದ ಯಾರು ಹೊರಗ ಬಂದ್ರೂ ಚೌಕಕ್ಕೇ ಬರಬೇಕು, ತಪ್ಪಿಸಿಕೊಳ್ಳೂ ಹಂಗ ಇಲ್ಲ. ಗ್ವಾಡಿ ಎರಡು ಮೊಳ ದಪ್ಪ, ಹಗಲಿ ತಂಪು, ರಾತ್ರಿ ಬೆಚ್ಚಗ. ಪಡಸಾಲ್ಯಾಗ ಸಾಲಾಗಿ ಗಾದಿ ಹಾಸಿದ್ವಿ. ಅತ್ತಿಯವರ ಮಗ್ಗಲಿಗೆ ಮಮ್ಮಗ, ಅವನ ಮಗ್ಗಲಿಗೆ ನಾನು. ರಾತ್ರಿ ಎರಡು ಸಲ ಎದ್ರು, ಎರಡೂ ಸಲ ಯಾರಾದ್ರೂ ಒಬ್ಬರು "ಯಾಕ ಅವ್ವಾ?" ಅಂದ್ರು. ಅಷ್ಟ ಸಾಕಲ್ಲ.

ಫ್ಯಾನು ಗರ್ರ್ ಅಂತಿತ್ತು. ಪಾಯಖಾನಿ ಒಂದೇ ಕಮೋಡಿಂದು, ಮುಂಜಾನೆ ಸಾಲು ಹಚ್ಚಿದ್ವಿ. ಬಿಸಿನೀರು ಹಂಡೇದ್ದು, ಬಕೆಟ್ಟಿಲೆ ಹೊರಬೇಕು. ಸೊಸಿ ಮೊದಲ ಮಾರಿ ಗಂಟ ಹಾಕಿದ್ಲು. ಆದ್ರ ಮಾರನೇ ದಿವಸ ಆಕಿನೇ ಬಾವಿಕಟ್ಟಿ ಮ್ಯಾಲೆ ಕೂತು ಅತ್ತಿಯವರ ಕಡೆಯಿಂದ ಹಾಡು ಬರಕೋಳಿಕ್ಕತ್ತಿದ್ಲು.

ನೀವು ಹಿರೇರನ್ನ ಕಟಗೊಂಡು ಇಂಥಾ ಹಳೇ ಮನಿ ಹುಡುಕೋದಾದ್ರ ನನ್ನ ಅನುಭವದ ನಾಕು ಮಾತು. ಫೋನಿನ್ಯಾಗ ಚಿತ್ರಾ ನೋಡಿ ಮರುಳಾಗಬ್ಯಾಡ್ರಿ. ಹಿರೇರ ಹಾಸಿಗಿಯಿಂದ ಬಚ್ಚಲಕ್ಕ ಎಷ್ಟು ಹೆಜ್ಜಿ, ನಡುವ ಹೊಸ್ತಿಲ ಎಷ್ಟು ಅಂತ ಮೊದಲ ಕೇಳ್ರಿ. ಹಳೇ ಮನ್ಯಾಗ ಹೊಸ್ತಿಲ ಎತ್ತರ ಇರತಾವ. ಕಮೋಡ್ ಅದನೋ ಇಲ್ಲೋ ಕೇಳ್ರಿ. ಎಲ್ಲಾರೂ ಒಂದ ಕಡೆ ಕೂಡೂ ಜಾಗಾ, ಪಡಸಾಲಿನೋ ಅಂಗಳಾನೋ, ಅದನೋ ಇಲ್ಲೋ ಕೇಳ್ರಿ. ಗಂಜಿ ಕಾಸಲಿಕ್ಕೆ, ಹಾಲು ಬಿಸಿ ಮಾಡಲಿಕ್ಕೆ ಒಲಿ ಕೊಡತಾರೇನು ಕೇಳ್ರಿ. ಆಷಾಢ, ಕಾರ್ತಿಕ ಏಕಾದಶಿ ಮುಂದ ಹಿರೇರನ್ನ ಕರಕೊಂಡು ಪಂಢರಪುರಕ್ಕ ಹೋಗಲೇಬ್ಯಾಡ್ರಿ, ಕಾಲಿಡಲಿಕ್ಕೆ ಜಾಗಾ ಇರಂಗಿಲ್ಲ.

ಎರಡನೇ ದಿವಸ ಮಧ್ಯಾಹ್ನ ಅತ್ತಿಯವರು ಕಂಬಕ್ಕ ಆತು ಕೂತಿದ್ರು. ತಾವಾಗೇ ಮಾತು ತಗದ್ರು. "ಆವಾಗ ನಮ್ಮ ಕೂಡ, ನಮ್ಮ ಹೊಲಾ ಮಾಡತಿದ್ದ ಮನಿ ಹೆಣ್ಣುಮಗಳೂ ಬಂದಿದ್ಲು. ಊರಿಂದ ಇಲ್ಲೀ ಮಟಾ ನನ್ನ ಟ್ರಂಕು ಹೊತ್ತಾಕಿ ಆಕಿನೇ. ಈ ಬಾಗಲಾ ದಾಟಿ ಆಕಿ ಒಳಗ ಬರಲಿಲ್ಲ. ಬಾ ಅಂತ ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮೂರು ರಾತ್ರಿ ಚಂದ್ರಭಾಗಾ ಉಸುಕಿನ ಮ್ಯಾಲೆ ಮಲಗಿದ್ಲು. ಮಾರ್ಗಶಿರ ಥಂಡಿ."

ನಾವ್ಯಾರೂ ಮಾತಾಡಲಿಲ್ಲ. ಸಾನೇ ಗುರೂಜಿಯವರು 1947ರ ಮೇ ತಿಂಗಳಾಗ ಹತ್ತು ದಿವಸ ಉಪವಾಸ ಕೂತ ಮ್ಯಾಲೆ ವಿಠ್ಠಲನ ಗುಡಿ ಬಾಗಲಾ ದಲಿತರಿಗೆ ತೆರೀತು. ಗುಡಿ ಬಾಗಲಾ ತೆರದು ಹದಿನೈದು ವರ್ಷ ಆದ ಮ್ಯಾಲೂ ವಸ್ತಿ ಮನಿ ಬಾಗಲಾ ತೆರದಿರಲಿಲ್ಲ ಅಂದಂಗಾತು. ಚೋಖಾಮೇಳಾನ ಸಮಾಧಿನೂ ಗುಡಿ ಹೊರಗ, ಮಹಾದ್ವಾರದ ಎದುರಿಗೇ ಅದ. ದಿವಸಾ ಅದರ ಮುಂದ ಹಾದು ಹೋಗತಿದ್ವಿ.

ಈ ನೋವು ತಿಳಕೊಂಡು ಧರ್ಮಶಾಲೆ ಕಟ್ಟಿಸಿದವರು ಗಾಡಗೇ ಬಾಬಾ. ಅಮರಾವತಿ ಕಡೆಯವರು, ಬಟ್ಟಿ ಒಗಿಯೋ ಮನೆತನದವರು, ಸಾಲಿ ಕಲತವರಲ್ಲ. ಕೈಯಾಗ ಕಸಬರಗಿ ಹಿಡಕೊಂಡು ಊರೂರು ಗುಡಿಸಿ, ಕೀರ್ತನಾ ಮಾಡಿ, ಬಂದ ರೊಕ್ಕಾ ಎಲ್ಲಾ ಧರ್ಮಶಾಲೆಗೆ ಹಾಕಿದ್ರು. ಇದೇ ಪಂಢರಪುರದಾಗ ಚೋಖಾಮೇಳಾ ಧರ್ಮಶಾಲೆ ಕಟ್ಟಿಸಿ, ಮುಂದ ಅದನ್ನ ಡಾ. ಅಂಬೇಡ್ಕರ್ ಅವರ ಶಿಕ್ಷಣ ಸಂಸ್ಥೆಗೆ ಒಪ್ಪಿಸಿಬಿಟ್ರು. 1956ರಲ್ಲಿ ತೀರಿಕೊಂಡ್ರು. ಮುಂಬೈಯ ದಾದರದಾಗ, ಕ್ಯಾನ್ಸರ್ ದವಾಖಾನಿಗೆ ಬಂದವರ ಮನಿಮಂದಿ ಇರಲಿಕ್ಕೆ ಅವರ ಹೆಸರಿನ ಧರ್ಮಶಾಲೆ ಅದ. ನಮ್ಮ ಕಡೆ ಮಂದಿನೂ ಅಲ್ಲಿ ಇದ್ದು ಬಂದಾರ. ಹಳೇ ಕಂಬ, ಹಳೇ ಬಾಗಲಾ ನೋಡಿ ನಾವು ಎಷ್ಟು ಚಂದ ಅಂತೇವಿ. ಆ ಬಾಗಲಾ ಯಾರಿಗೆ ತೆರೀತಿತ್ತು, ಯಾರಿಗೆ ಇಲ್ಲ ಅನ್ನೂದೂ ಅದರ ಇತಿಹಾಸನೇ.

ಹೊರಡೋ ದಿವಸ ವಾಡೇದ ಹಿರೇರು ಕೆಂಪು ಅರಬಿಯೊಳಗ ಸುತ್ತಿದ ಉದ್ದಾನ ವಹಿ ತಂದ್ರು. ಬಂದ ಯಾತ್ರಿಕರ ಹೆಸರು, ಊರು, ಯಾರ ಮಕ್ಕಳು, ಎಲ್ಲಾ ಬರದಿಡೋ ಪದ್ಧತಿ. ಹಳೇ ಹಾಳಿ ಮೋಡಿ ಲಿಪಿಯೊಳಗಿದ್ವು, ನಮಗ ಒಂದಕ್ಷರ ತಿಳೀಲಿಲ್ಲ. ಧಾರವಾಡ ಜಿಲ್ಲಾ ಅನ್ನೋ ಕಡೆ ತಿರುವಿಕೋತ ಬಂದಾಗ, ನಮ್ಮ ಮಾವನವರ ಕನ್ನಡ ಅಕ್ಷರ! ಅವರ 'ಳ' ನಾ ಎಲ್ಲೆ ನೋಡಿದ್ರೂ ಗುರುತು ಹಿಡೀತೇನಿ. ಅವರ ಹೆಸರು, ಅವರ ತಂದಿ ಹೆಸರು, ಅಜ್ಜನ ಹೆಸರು, ಅಣ್ಣತಮ್ಮಂದಿರ ಹೆಸರು. ಕಡೀಕ ಒಂದೇ ಮಾತು, 'ಸಹಕುಟುಂಬ'. ತಾರೀಖು 1962ರದ್ದು.

ನಮ್ಮ ಯಜಮಾನರು ಓದಿ ಹೇಳಿದ್ರು. ಅತ್ತಿಯವರು ಚಷ್ಮಾ ಹಾಕ್ಕೊಂಡು ಆ ಮಾತಿನ ಮ್ಯಾಲೆ ಬಟ್ಟಿಟ್ಟು, "ಇದು ನಾನು" ಅಂದ್ರು.

ಎಲ್ಲಾರೂ ನಕ್ಕರು, ನಾನೂ ನಕ್ಕೆ. ಆದ್ರ ಒಳಗ ಕಸಿವಿಸಿ ಆತು. ಧರ್ಮಶಾಲೆ ಕಟ್ಟಿಸಿದ ರಾಣ್ಯಾರ ಹೆಸರು ಕಲ್ಲಿನ್ಯಾಗ ಅದ, ಪುಸ್ತಕದಾಗ ಅದ. ಅಲ್ಲೆ ಬಂದು ಒಲಿ ಹೊತ್ತಿಸಿ, ಕೂಸು ಮಲಗಿಸಿ, ಹತ್ತು ಮಂದಿಗೆ ಬಡಿಸಿ ಹೋದ ಸಾವಿರಾರು ಹೆಣ್ಣುಮಕ್ಕಳು ಎಲ್ಲಾರೂ 'ಸಹಕುಟುಂಬ'.

ಈ ಸಲ ವಹಿಯೊಳಗ ಬರಿಯೋ ಪಾಳಿ ಬಂದಾಗ ಮಗಾ ಪೆನ್ನು ಅಜ್ಜಿ ಕೈಯಾಗ ಕೊಟ್ಟ. ಅತ್ತಿಯವರು ಮೂರನೇ ಇಯತ್ತೆ ಕಲತವರು. ನಡಗೋ ಕೈಲೆ, ಐದು ನಿಮಿಷ ಹಿಡದು, ತಮ್ಮ ಹೆಸರು ಬರದ್ರು. ಆಮ್ಯಾಲೆ ನನ್ನದು, ನೆಗೆಣ್ಣಿದು, ಸೊಸೀದು, ಹೆಣ್ಣುಮಕ್ಕಳದು. ಗಂಡಸರ ಹೆಸರು ಅದರ ಕೆಳಗ. ವಾಡೇದ ಹಿರೇರು ನೋಡಿ ಏನೂ ಅನಲಿಲ್ಲ, ಮಸಿ ಒಣಗಲಿ ಅಂತ ಹಾಳಿ ಹಂಗ ತೆರದಿಟ್ರು.

ದಿಂಡಿ ಬಾಗಲಾ ದಾಟುವಾಗ ಅತ್ತಿಯವರು ನಿಂತ್ರು. "ಆಕಿ ಹೆಸರೂ ಬರೀಬೇಕಿತ್ತು" ಅಂದ್ರು. ಯಾರದು ಅಂತ ಕೇಳೋ ಕಾರಣ ಇರಲಿಲ್ಲ. ಏನು ಆಕಿ ಹೆಸರು ಅಂತ ಕೇಳಿದೆ. ಸೊಲ್ಲಾಪುರ ಬರೂ ತನಕ ನೆನಪು ಮಾಡಿಕೊಂಡ್ರು. "ಎಲ್ಲಾರೂ ಬಾಳ್ಯಾನ ಅವ್ವಾ ಅಂತಿದ್ವಿ. ಹೆಸರು ಕೇಳೇ ಇಲ್ಲ ನೋಡು" ಅಂದ್ರು.

ಊರಿಗೆ ಬಂದ ಮ್ಯಾಲೆ ಹಳ್ಳಿಗೆ ಹೇಳಿ ಕಳಿಸೇವಿ, ಬಾಳ್ಯಾನ ಮಕ್ಕಳು ಯಾರಾದ್ರೂ ಇದ್ದಾರೇನು ಅಂತ. ಹೆಸರು ಸಿಕ್ಕರ ಮತ್ತೊಮ್ಮೆ ಪಂಢರಪುರಕ್ಕ ಹೋಗೂದದ. ಅತ್ತಿಯವರು ಈಗಿಂದನೇ ಮೊಣಕಾಲಿಗೆ ಎಣ್ಣಿ ಹಚ್ಚಿಸಿಕೋಳಿಕ್ಕತ್ತಾರ.